ಆಟಿಸಂ ಇರುವ ಮಗುವಿನ ಜೊತೆ ಥೀಮ್ ಪಾರ್ಕಿಗೆ: ತುಮಕೂರಿನ ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮಗನಿಗೆ ಈಗ ಒಂಬತ್ತು ವರ್ಷ. ಆಟಿಸಂ ಇದೆ. ಮಾತು ಕಡಿಮೆ, ಓಟ ಜಾಸ್ತಿ. ಬಿಡದಿಯ ವಂಡರ್‌ಲಾಗೆ ಮೂರು ಸಲ ಹೋಗಿ ಬಂದಿದ್ದೇವೆ. ಮೊದಲನೇ ಸಲ ಒಳಗಿದ್ದದ್ದು ಒಂದೂವರೆ ಗಂಟೆ, ಮೂರನೇ ಸಲ ನಾಲ್ಕು ಗಂಟೆ. ತೆರಪಿ ಮುಗಿಯುವವರೆಗೆ ಹೊರಗೆ ಬೆಂಚಿನ ಮೇಲೆ ಕೂತಿರುತ್ತೇವಲ್ಲ, ಆಗ ಬೇರೆ ಅಮ್ಮಂದಿರು ಕೇಳಿದ ಪ್ರಶ್ನೆಗಳೇ ಇವು. ನಾನು ಡಾಕ್ಟರ್ ಅಲ್ಲ. ನಮ್ಮ ಹುಡುಗನಿಗೆ ಆದದ್ದು ನಿಮ್ಮ ಮಗುವಿಗೆ ಆಗಬೇಕು ಅಂತಲೂ ಇಲ್ಲ.

ಅಷ್ಟು ಗಲಾಟೆ ಇರುವ ಜಾಗಕ್ಕೆ ಇಂಥ ಮಗುವನ್ನು ಯಾಕೆ ಕರೆದುಕೊಂಡು ಹೋಗಬೇಕು?

ಇದನ್ನು ಕೇಳುವವರು ಸಾಮಾನ್ಯವಾಗಿ ನೆಂಟರು. ಉತ್ತರ ಇಷ್ಟೇ: ಅವನಿಗೆ ಇಷ್ಟ. ಮನೆಯ ಹಾಲ್ ಮಧ್ಯೆ ನಿಂತು ಬುಗುರಿ ಥರ ತಿರುಗುತ್ತಾನೆ, ತಲೆ ಸುತ್ತೋದೇ ಇಲ್ಲ. ಆಟಿಸಂ ಇರುವ ಎಷ್ಟೋ ಮಕ್ಕಳ ಮೈಗೆ ತಿರುಗೋದು, ತೂಗೋದು, ಜಿಗಿಯೋದು ಬೇಕೇ ಬೇಕು. ಇನ್ನು ಕೆಲವು ಮಕ್ಕಳು ಕಾಲು ನೆಲ ಬಿಟ್ಟರೆ ಸಾಕು, ಚೀರುತ್ತಾರೆ. ನಿಮ್ಮ ಮಗು ಯಾವ ಥರ ಅಂತ ತಿಳಿಯೋಕೆ ಟಿಕೆಟ್ ಬೇಕಿಲ್ಲ. ಅಮಾನಿಕೆರೆ ಪಾರ್ಕಿನ ಉಯ್ಯಾಲೆ ಸಾಕು. ಉಯ್ಯಾಲೆಯಿಂದ ಇಳಿಯೋಕೆ ಒಪ್ಪದ ಮಗು ಥೀಮ್ ಪಾರ್ಕಿನಲ್ಲಿ ಖುಷಿಯಾಗಿರುತ್ತದೆ. ಉಯ್ಯಾಲೆಗೇ ಹೆದರುವ ಮಗುವಾದರೆ ನೀರಾಟಕ್ಕೆ ಮಾತ್ರ ಹೋಗಿ. ಇಲ್ಲ, ಹೋಗದೇ ಇದ್ದರೂ ನಷ್ಟ ಏನಿಲ್ಲ.

ಎಷ್ಟನೇ ವಯಸ್ಸಿಗೆ ಹೋಗಬಹುದು?

ಇಂಥ ಪಾರ್ಕುಗಳು ವಯಸ್ಸಿಗಿಂತ ಎತ್ತರ ನೋಡುತ್ತವೆ. ಟಿಕೆಟ್ ಕೂಡ ಎತ್ತರದ ಲೆಕ್ಕ, ಪ್ರತಿ ಆಟದ ಮುಂದೆ ಅಳತೆ ಕೋಲು. ಆಟಿಸಂ ಇರುವ ಮಗುವಿಗೆ "ನೀನು ಎರಡು ಇಂಚು ಗಿಡ್ಡ" ಅಂದರೆ ಅರ್ಥ ಆಗೋದಿಲ್ಲ. ವಿಡಿಯೋದಲ್ಲಿ ನೋಡಿ ಆಸೆಪಟ್ಟ ಆಟದ ಬಾಗಿಲಲ್ಲಿ ವಾಪಸ್ ಕಳಿಸಿದರೆ ಇಡೀ ದಿನ ಹೋಯಿತು. ಆದ್ದರಿಂದ ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳತೆ ತೆಗೆಯಿರಿ. ಯಾವ ಆಟಕ್ಕೆ ಬಿಡುತ್ತಾರೆ ಅಂತ ವೆಬ್‌ಸೈಟ್ ನೋಡಿ, ಅಷ್ಟನ್ನೇ ತೋರಿಸಿ. ಆಗದ ಆಟದ ಫೋಟೋ ಮನೆಯಲ್ಲಿ ತೋರಿಸಲೇಬೇಡಿ.

ತುಮಕೂರಿನಿಂದ ಹೇಗೆ ಹೋಗೋದು?

ಕಾರಿದ್ದರೆ ನೆಲಮಂಗಲ ದಾಟಿ ಮಾದಾವರದ ಹತ್ತಿರ ನೈಸ್ ರಸ್ತೆ ಹಿಡಿದು, ಮೈಸೂರು ರಸ್ತೆಗೆ ಇಳಿದು ಬಿಡದಿ. ಟೋಲ್ ಕಟ್ಟಬೇಕು, ಆದರೆ ಊರೊಳಗಿನ ಸಿಗ್ನಲ್ ಇಲ್ಲ. ಗಾಡಿ ನಿಂತರೆ ಅಳುವ ಮಕ್ಕಳಿಗೆ ಇದು ದೊಡ್ಡ ಉಪಕಾರ. ಕುಣಿಗಲ್, ಮಾಗಡಿ ಮೇಲೂ ದಾರಿ ಇದೆ. ತಿರುವು ಜಾಸ್ತಿ, ವಾಂತಿ ಮಾಡುವ ಮಗುವಾದರೆ ಬೇಡ.

ಕಾರಿಲ್ಲದಿದ್ದರೆ: 2024ರ ನವೆಂಬರ್‌ನಿಂದ ಮೆಟ್ರೋ ಹಸಿರು ಮಾರ್ಗ ಮಾದಾವರದವರೆಗೆ ಬಂದಿದೆ. ಬಸ್ಸಿನಲ್ಲಿ ಅಲ್ಲಿಗೆ ಹೋಗಿ, ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಗಿ ಚಲ್ಲಘಟ್ಟದಲ್ಲಿ ಇಳಿಯಬಹುದು. ಅಲ್ಲಿಂದ ಬಿಡದಿ ಕಡೆ ಬಸ್ಸೋ ಟ್ಯಾಕ್ಸಿಯೋ. ಆದರೆ ಮೆಜೆಸ್ಟಿಕ್‌ನ ಜನ, ಎಸ್ಕಲೇಟರ್, ಅನೌನ್ಸ್‌ಮೆಂಟ್ ಎಲ್ಲ ಮುಗಿಸಿ ಪಾರ್ಕಿನ ಗೇಟಿಗೆ ಬರುವಷ್ಟರಲ್ಲಿ ಮಗುವಿನ ತಾಳ್ಮೆ ಅರ್ಧ ಖಾಲಿ. ನನ್ನ ಕೇಳಿದರೆ, ನಾಲ್ಕು ಜನ ಸೇರಿ ಕಾರು ಬಾಡಿಗೆ ಮಾಡಿ. ಯಾವಾಗ ಬೇಕೋ ಆವಾಗ ವಾಪಸ್ ಹೊರಡಬಹುದು ಅನ್ನೋದೇ ಮುಖ್ಯ.

ಯಾವ ದಿನ ಜನ ಕಡಿಮೆ?

ಮಂಗಳವಾರ, ಬುಧವಾರ, ಗುರುವಾರ. ಏಪ್ರಿಲ್-ಮೇ ರಜೆ, ದಸರಾ ರಜೆ, ಕ್ರಿಸ್‌ಮಸ್ ವಾರ ಬೇಡವೇ ಬೇಡ. ಇಲ್ಲಿ ಒಂದು ಮೋಸ ಇದೆ. ಡಿಸೆಂಬರ್, ಜನವರಿಯಲ್ಲಿ ವಾರದ ದಿನ ಖಾಲಿ ಇರುತ್ತದೆ ಅಂದುಕೊಂಡು ಹೋದರೆ ಗೇಟಿನ ಮುಂದೆ ಶಾಲಾ ಪ್ರವಾಸದ ಬಸ್ಸುಗಳು ಸಾಲಾಗಿ ನಿಂತಿರುತ್ತವೆ. ನಮಗೆ ಸರಿ ಹೋಗಿದ್ದು ಜುಲೈ, ಆಗಸ್ಟ್. ಶಾಲೆ ಶುರುವಾಗಿರುತ್ತದೆ, ಟೂರ್ ಶುರುವಾಗಿರೋದಿಲ್ಲ. ಮೋಡ, ತುಂತುರು ಇರುತ್ತದೆ, ನೀರು ತಣ್ಣಗಿರುತ್ತದೆ. ಮಗನ ಶಾಲೆಗೆ ಒಂದು ರಜೆ ಚೀಟಿ ಬರೆದರಾಯಿತು.

ಬಾಗಿಲು ತೆಗೆಯುವ ಹೊತ್ತಿಗೆ ಗೇಟಿನಲ್ಲಿ ಇರಿ. ಮೊದಲ ಒಂದು ಗಂಟೆಯಲ್ಲಿ ಆಗುವಷ್ಟು ಆಟ ಆಮೇಲೆ ಮೂರು ಗಂಟೆಯಲ್ಲೂ ಆಗೋದಿಲ್ಲ.

ಮಗುವನ್ನು ಮೊದಲೇ ಹೇಗೆ ತಯಾರು ಮಾಡೋದು?

ಎಲ್ಲಕ್ಕಿಂತ ಜಾಸ್ತಿ ಹೊತ್ತು ಇದಕ್ಕೇ ಕೊಡಿ. ನಾವು ಮೊದಲನೇ ಸಲ ಏನೂ ಮಾಡಲಿಲ್ಲ. "ಸರ್ಪ್ರೈಸ್" ಅಂತ ಕರೆದುಕೊಂಡು ಹೋದೆವು. ಸರ್ಪ್ರೈಸ್ ಅನ್ನೋದು ನಮ್ಮ ಮಕ್ಕಳಿಗೆ ಉಡುಗೊರೆ ಅಲ್ಲ, ಪೆಟ್ಟು.

ಎರಡನೇ ಸಲ ಒಂದು ಸಣ್ಣ ಆಲ್ಬಂ ಮಾಡಿದೆವು. ಹತ್ತು ಫೋಟೋ. ನಮ್ಮ ಕಾರು, ಗೇಟು, ಕೈಗೆ ಪಟ್ಟಿ ಕಟ್ಟುವುದು, ಕ್ಯೂ, ಒಂದು ಆಟ, ಇಡ್ಲಿ, ನೀರು, ಬಟ್ಟೆ ಬದಲಿಸುವ ಜಾಗ, ಮತ್ತೆ ಕಾರು, ಮನೆ. ಪ್ರತಿ ಫೋಟೋ ಕೆಳಗೆ ಒಂದೇ ಸಾಲು. "ಕ್ಯೂನಲ್ಲಿ ನಿಲ್ಲುತ್ತೇವೆ. ಆಮೇಲೆ ಆಟ." ಹದಿನೈದು ದಿನ ರಾತ್ರಿ ಮಲಗುವ ಮುಂಚೆ ಅದನ್ನೇ ಓದಿದೆವು. ಕೊನೆಯ ಫೋಟೋ ಮನೆಯದ್ದೇ ಆಗಿರಲಿ. ಹೋಗೋದು ಗೊತ್ತಾದರೆ ಸಾಲದು, ವಾಪಸ್ ಬರೋದೂ ಗೊತ್ತಿರಬೇಕು.

ಯೂಟ್ಯೂಬ್‌ನಲ್ಲಿ ಆಟದಲ್ಲಿ ಕೂತವರೇ ತೆಗೆದ ವಿಡಿಯೋ ಬೇಕಾದಷ್ಟಿವೆ. ಮೊದಲು ಶಬ್ದ ಇಲ್ಲದೆ ತೋರಿಸಿ. ದಿನಾ ಸ್ವಲ್ಪ ಸ್ವಲ್ಪ ಶಬ್ದ ಜಾಸ್ತಿ ಮಾಡುತ್ತಾ ಹೋಗಿ.

ಇನ್ನು ನಿಜವಾದ ಅಭ್ಯಾಸ ಆಗೋದು ಜಾತ್ರೆಯಲ್ಲಿ. ಶಿವರಾತ್ರಿ ಹೊತ್ತಿನ ಸಿದ್ಧಗಂಗೆ ಜಾತ್ರೆ ನಮಗೆ ಹತ್ತಿರವೇ ಅಲ್ವಾ? ಜೈಂಟ್ ವೀಲ್, ಕೊಲಂಬಸ್, ಧೂಳು, ಮೈಕು, ಮಂಡಕ್ಕಿ ವಾಸನೆ ಎಲ್ಲ ಒಟ್ಟಿಗೆ ಸಿಗುತ್ತವೆ. ಬೆಳಿಗ್ಗೆ ಜನ ಸೇರುವ ಮುಂಚೆ ಹೋಗಿ, ಅರ್ಧ ಗಂಟೆ ಸುಮ್ನೆ ದೂರದಲ್ಲಿ ನಿಂತು ನೋಡಿ ಬಂದೆವು. ಮಾರನೇ ದಿನ ಒಂದು ಆಟ. ಅಲ್ಲೇ ಒಂದು ಪಾಠ ಆಯಿತು. ಜನ ಹತ್ತಿಸಿಕೊಳ್ಳೋಕೆ ಜೈಂಟ್ ವೀಲ್ ಮಧ್ಯೆ ಮಧ್ಯೆ ನಿಲ್ಲುತ್ತದೆ. ನಮ್ಮವನಿಗೆ ತಿರುಗೋದು ಇಷ್ಟ, ನಿಲ್ಲೋದು ಕಷ್ಟ. ಮೇಲೆ ತುತ್ತತುದಿಯಲ್ಲಿ ನಿಂತಾಗ ಎದ್ದು ನಿಲ್ಲೋಕೆ ಹೋದ. ಅವನ ಅಪ್ಪನ ಎದೆ ಒಡೆದೇ ಹೋಯಿತು. ಅವತ್ತಿನಿಂದ ಜೈಂಟ್ ವೀಲ್ ಬಂದ್. ಯಾವ ಆಟವಾದರೂ ಹತ್ತುವ ಮುಂಚೆ ಎರಡು ಸುತ್ತು ಹೊರಗೆ ನಿಂತು ನೋಡಿ. ಮಧ್ಯೆ ನಿಲ್ಲುತ್ತದಾ, ಕತ್ತಲಾಗುತ್ತದಾ, ತಲೆ ಕೆಳಗಾಗುತ್ತದಾ? ಸರಳು ಬಿದ್ದು ಲಾಕ್ ಆದ ಮೇಲೆ "ಇಳಿಸಿ" ಅಂದರೆ ಇಳಿಸೋಕೆ ಆಗೋದಿಲ್ಲ.

ಅಂಗವಿಕಲರ ಕಾರ್ಡ್ ತೋರಿಸಿದರೆ ಕ್ಯೂ ಇಲ್ಲದೆ ಬಿಡ್ತಾರಾ?

ಕಾರ್ಡ್ ಇದ್ದರೆ ಕೇಳೋಕೆ ಒಂದು ಆಧಾರ ಇರುತ್ತದೆ. ಸಿಗೋದು ಬಿಡೋದು ಆ ಪಾರ್ಕಿನ ನಿಯಮ, ಆ ದಿನದ ಜನ, ಎದುರಿಗಿರುವವರ ಮನಸ್ಸು. ಹೊರಡುವ ಒಂದು ವಾರ ಮುಂಚೆ ಫೋನ್ ಮಾಡಿ, ಇಮೇಲ್ ಕೂಡ ಬರೆಯಿರಿ. ಬಂದ ಉತ್ತರವನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಫೋನಿನಲ್ಲಿ ಹೇಳಿದ್ದು ಗೇಟಿನವರಿಗೆ ಗೊತ್ತಿರೋದಿಲ್ಲ.

ಕಾರ್ಡ್ ಇಲ್ಲದವರಿಗೆ: ಆಟಿಸಂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಒಂದು. ಮುಂಚಿನ ಕಾಯ್ದೆಯಲ್ಲಿ ಇರಲಿಲ್ಲ. ಯುಡಿಐಡಿ, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಕಾರ್ಡಿಗೆ ಆನ್‌ಲೈನ್ ಅರ್ಜಿ ಹಾಕಿ, ಜಿಲ್ಲಾ ಆಸ್ಪತ್ರೆಯಲ್ಲಿ ತಪಾಸಣೆಗೆ ಹೋಗಬೇಕು. ಅಲ್ಲಿ ಐಸಾ ಅನ್ನುವ 40 ಅಂಶಗಳ ಪಟ್ಟಿ ಇಟ್ಟುಕೊಂಡು ಮಗುವನ್ನು ನೋಡುತ್ತಾರೆ, ನಿಮ್ಮನ್ನೂ ಕೇಳುತ್ತಾರೆ. ಹಳ್ಳಿಯವರಾದರೆ ನಿಮ್ಮ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು), ತಾಲ್ಲೂಕಿನ ಎಂಆರ್‌ಡಬ್ಲ್ಯು (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಅರ್ಜಿಗೆ ಸಹಾಯ ಮಾಡುತ್ತಾರೆ. ಕಾರ್ಡ್ ಮಾಡಿಸಿದರೆ "ಮಗುವಿಗೆ ಹಣೆಪಟ್ಟಿ" ಅಂತ ಹೆದರುವವರಿದ್ದಾರೆ. ನಮ್ಮ ಮನೆಯಲ್ಲೂ ಎರಡು ವರ್ಷ ಅದೇ ವಾದ ನಡೆಯಿತು. ಆ ಎರಡು ವರ್ಷ ಸುಮ್ನೆ ಹೋಯಿತು.

ಇನ್ನೊಂದು ದಾರಿ, ದುಡ್ಡಿನ ದಾರಿ. ವಂಡರ್‌ಲಾದಲ್ಲಿ ಬೇಗ ಒಳಗೆ ಬಿಡುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಇದೆ. ರೇಟು ಜಾಸ್ತಿ. ಖಾಲಿ ಬುಧವಾರ ಹೋದರೆ ಅದು ಬೇಕಾಗೋದಿಲ್ಲ.

ಕ್ಯೂನಲ್ಲಿ ನಿಲ್ಲೋದೇ ಇಲ್ಲ. ಏನು ಮಾಡೋದು?

ಒಬ್ಬರು ಕ್ಯೂನಲ್ಲಿ ನಿಲ್ಲಿ, ಇನ್ನೊಬ್ಬರು ಮಗುವಿನ ಜೊತೆ ಹೊರಗೆ ಓಡಾಡಿ. ಸರದಿ ಹತ್ತಿರ ಬಂದಾಗ ಫೋನ್ ಮಾಡಿ ಕರೆಸಿಕೊಳ್ಳಿ. ಹಿಂದೆ ನಿಂತವರಿಗೆ ಮೊದಲೇ ಹೇಳಿ: "ನನ್ನ ಮಗನಿಗೆ ಆಟಿಸಂ ಇದೆ, ಕಾಯೋಕೆ ಆಗಲ್ಲ, ಆಮೇಲೆ ಬಂದು ಸೇರಿಕೊಳ್ತಾನೆ." ಮೊದಲೇ ಹೇಳಿದರೆ ಯಾರೂ ಜಗಳ ಆಡೋದಿಲ್ಲ. ಆಮೇಲೆ ಹೇಳಿದರೆ ನಾವು ಕಳ್ಳರು.

ಶಬ್ದಕ್ಕೆ ಏನು ಮಾಡ್ತೀರಿ?

ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್. ಮಕ್ಕಳ ಅಂಗಡಿಯಲ್ಲಿ ದುಬಾರಿ. ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವರು ಹಾಕಿಕೊಳ್ಳುತ್ತಾರಲ್ಲ, ಅದೇ ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಸೇಫ್ಟಿ ಸಾಮಾನು ಅಂತ ಕೇಳಿ. ತಲೆಗೆ ಬಿಗಿಯಾಗುತ್ತದಾ ಅಂತ ಹಾಕಿಸಿ ನೋಡಿ ತನ್ನಿ. ಮನೆಯಲ್ಲಿ ಮಿಕ್ಸಿ ಹಾಕುವಾಗ ಹಾಕಿಸಿ ಅಭ್ಯಾಸ ಮಾಡಿಸಿ.

ಆದರೆ ಆಟದೊಳಗೆ ಅದನ್ನು ಹಾಕಿಕೊಳ್ಳೋಕೆ ಬಿಡೋದಿಲ್ಲ, ಹಾರಿ ಹೋಗುತ್ತದೆ. ಆಟ ಮುಗಿದು ಇಳಿದ ತಕ್ಷಣ ಕೊಡಿ. ಮರೆಯುವ ಜಾಗ ಒಂದಿದೆ: ಟಾಯ್ಲೆಟ್‌ನ ಕೈ ಒಣಗಿಸುವ ಮೆಷಿನ್. ರೋಲರ್ ಕೋಸ್ಟರ್‌ಗೆ ಹೆದರದ ಮಗು ಅದಕ್ಕೆ ಹೆದರಿ ಟಾಯ್ಲೆಟ್ಟೇ ಬೇಡ ಅಂತ ಕೂರುತ್ತದೆ. ಒಳಗೆ ಹೋಗುವ ಮುಂಚೆ ಇಯರ್‌ಮಫ್ ಹಾಕಿಸಿ. ಕೈ ಚಡ್ಡಿಗೆ ಒರೆಸಿಕೊಂಡರೂ ಪರವಾಗಿಲ್ಲ.

ನೀರಿನ ಆಟಕ್ಕೆ ನೈಲಾನ್ ಬಟ್ಟೆಯೇ ಬೇಕಂತೆ. ನಮ್ಮ ಮಗು ಕಾಟನ್ ಬಿಟ್ಟು ಬೇರೆ ಹಾಕೋದಿಲ್ಲ.

ನಮ್ಮದೂ ಅದೇ ಕಥೆ. ನೀರಿಗೆ ಇಳಿಯೋಕೆ ನೈಲಾನ್ ಥರದ ಬಟ್ಟೆ ಬೇಕು, ಕಾಟನ್‌ನಲ್ಲಿ ಬಿಡೋದಿಲ್ಲ. ಮೈಗೆ ಅಂಟುವ ಬಟ್ಟೆ ಕೆಲವು ಮಕ್ಕಳಿಗೆ ಮುಳ್ಳಿನ ಹಾಗೆ. ಅಲ್ಲಿ ಹೋಗಿ ಹೊಸದು ಕೊಂಡು, ಒದ್ದೆ ನೆಲದ ಮೇಲೆ ಹಾಕಿಸೋಕೆ ಹೋದರೆ ಯುದ್ಧ. ಒಂದು ತಿಂಗಳು ಮುಂಚೆಯೇ ತನ್ನಿ. ಲೇಬಲ್ ಕತ್ತರಿಸಿ. ನಾಲ್ಕೈದು ಸಲ ಒಗೆಯಿರಿ. ದಿನಾ ಸ್ನಾನದ ಹೊತ್ತಿಗೆ ಹಾಕಿಸಿ, ಬಕೆಟ್ ನೀರು ಸುರಿಯಿರಿ. ಸ್ನಾನದ ಮನೆಯಲ್ಲಿ ಒಪ್ಪಿದ ಬಟ್ಟೆ ಪೂಲ್‌ನಲ್ಲೂ ಒಪ್ಪುತ್ತದೆ.

ಅಲೆ ಬರುವ ಪೂಲ್‌ನಲ್ಲಿ ಅಲೆ ಬಿಡುವ ಹೊತ್ತಿಗೆ ಜನ ಕೂಗಿ ಒಟ್ಟಿಗೆ ನುಗ್ಗುತ್ತಾರೆ. ಅಲೆ ಇಲ್ಲದ ಹೊತ್ತಿನಲ್ಲಿ ದಡದಲ್ಲಿ ಕೂತರೆ ಸ್ವರ್ಗ. ರೈನ್ ಡ್ಯಾನ್ಸ್ ಜಾಗದಲ್ಲಿ ಹಾಡಿನ ಸದ್ದಿಗೆ ನನಗೇ ತಲೆನೋವು ಬರುತ್ತದೆ. ಅದರ ಹತ್ತಿರ ಸುಳಿಯಬೇಡಿ.

ಊಟ ಒಳಗೆ ಬಿಡ್ತಾರಾ?

ಹೊರಗಿನ ತಿಂಡಿ ಸಾಮಾನ್ಯವಾಗಿ ಬಿಡೋದಿಲ್ಲ. ನಮ್ಮವನು ತಿನ್ನೋದು ತಟ್ಟೆ ಇಡ್ಲಿ, ಅದೂ ಚಟ್ನಿ ಮುಟ್ಟಿಸದೆ. ಕ್ಯಾತ್ಸಂದ್ರದ ಇಡ್ಲಿ ತಿಂದು ಬೆಳೆದವನು. ಪುಣ್ಯಕ್ಕೆ ಬಿಡದಿಯೂ ತಟ್ಟೆ ಇಡ್ಲಿಯ ಊರು. ಒಳಗೆ ಹೋಗುವ ಮುಂಚೆ ಹೊಟ್ಟೆ ತುಂಬ ತಿನ್ನಿಸಿ, ಬಂದ ಮೇಲೆ ಮತ್ತೆ ತಿನ್ನಿಸುತ್ತೇವೆ. ಮಧ್ಯೆ ಸಿಕ್ಕಿದ್ದು. ನಿಮ್ಮ ಮಗುವಿನ ಊಟದ ಪಟ್ಟಿ ಇನ್ನೂ ಚಿಕ್ಕದಾಗಿದ್ದರೆ, ಡಾಕ್ಟರ್ ಹತ್ತಿರ ಒಂದು ಚೀಟಿ ಬರೆಸಿಕೊಳ್ಳಿ. ಫೋನ್ ಮಾಡುವಾಗ ಇದನ್ನೂ ಕೇಳಿಬಿಡಿ.

ಕೈ ಬಿಡಿಸಿಕೊಂಡು ಓಡಿದರೆ?

ಇದಕ್ಕೆ ತಮಾಷೆ ಇಲ್ಲ. ಆಟಿಸಂ ಇರುವ ಮಕ್ಕಳನ್ನು ನೀರು ಎಳೆಯುತ್ತದೆ. ತಪ್ಪಿಸಿಕೊಂಡರೆ ಗೇಟಿನ ಕಡೆ ಓಡಬೇಡಿ. ಮೊದಲು ನೀರಿನ ಕಡೆ ಓಡಿ. ಇನ್ನೊಬ್ಬರು ಸಿಬ್ಬಂದಿಗೆ ಹೇಳಲಿ.

ಬೆಳಿಗ್ಗೆ ಗೇಟಿನಲ್ಲೇ ಅವತ್ತಿನ ಬಟ್ಟೆಯಲ್ಲಿ ಒಂದು ಫೋಟೋ ತೆಗೆಯಿರಿ, ನೀರಿಗೆ ಇಳಿಯುವ ಮುಂಚೆ ಇನ್ನೊಂದು. ಗಾಬರಿಯಲ್ಲಿ ನೀಲಿ ಶರ್ಟೋ ಹಸಿರು ಶರ್ಟೋ ನೆನಪಿರೋದಿಲ್ಲ. ಮೊಣಕೈ ಕೆಳಗೆ ಅಳಿಸದ ಮಾರ್ಕರ್‌ನಲ್ಲಿ ನಿಮ್ಮ ಫೋನ್ ನಂಬರ್, "ಮಾತು ಬರಲ್ಲ, ಆಟಿಸಂ" ಅಂತ ಬರೆಯಿರಿ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಗಂಡ-ಹೆಂಡತಿ ಇಬ್ಬರಲ್ಲಿ ಈಗ ಯಾರ ಸರದಿ ಅಂತ ಬಾಯಿಬಿಟ್ಟು ಹೇಳಿಕೊಳ್ಳಿ. "ನೀವು ನೋಡ್ತಿದ್ದೀರಿ ಅಂದುಕೊಂಡೆ" ಅನ್ನುವ ಮಾತೇ ಎಲ್ಲ ಅನಾಹುತದ ಶುರು. ಹೊರಗೆಲ್ಲೋ ಹೋಗಿಬಿಟ್ಟಿದ್ದರೆ ತಡಮಾಡದೆ 112ಕ್ಕೆ ಫೋನ್ ಮಾಡಿ.

ಫಿಟ್ಸ್ ಇದೆ. ಹೋಗಬಹುದಾ?

ಡಾಕ್ಟರನ್ನು ಕೇಳದೆ ಬೇಡ. ಮಿನುಗುವ ಲೈಟು, ನಿದ್ದೆಗೆಟ್ಟ ಮೈ, ತಪ್ಪಿದ ಮಾತ್ರೆ, ಮೂರೂ ಫಿಟ್ಸಿಗೆ ದಾರಿ. ಅವರು ಹೂಂ ಅಂದರೂ ನೀರಿನಲ್ಲಿ ಒಂದು ಕೈ ಸದಾ ಮಗುವಿನ ಮೇಲಿರಲಿ.

ಅಲ್ಲೇ ಮೆಲ್ಟ್‌ಡೌನ್ ಆದರೆ?

ಆಗುತ್ತದೆ ಅಂದುಕೊಂಡೇ ಹೋಗಿ. ನಮ್ಮ ಮೊದಲನೇ ಸಲದ ಕಥೆ ಹೇಳುತ್ತೇನೆ. ಎರಡು ಆಟ ಆಗಿತ್ತು, ಮಗ ಚೆನ್ನಾಗಿದ್ದ. ಮೂರನೆಯದರ ಹೊತ್ತಿಗೆ ಕಾಲ ತುದಿ ಬೆರಳ ಮೇಲೆ ನಡೆಯೋಕೆ ಶುರು ಮಾಡಿದ, ಬಾಯಲ್ಲಿ "ಹ್ಞೂಂ" ಅನ್ನುವ ರಾಗ ಜೋರಾಯಿತು. ಸಾಕಾಗಿದೆ ಅಂತ ಅವನು ಹೇಳುವ ರೀತಿ ಅದು. ನನಗೆ ಗೊತ್ತಿತ್ತು. ಆದರೆ ನಾಲ್ಕು ಟಿಕೆಟ್ ದುಡ್ಡು ಕೊಟ್ಟಿದ್ದೇವೆ, ಇನ್ನೂ ಅರ್ಧ ಪಾರ್ಕೂ ನೋಡಿಲ್ಲ ಅನ್ನುವ ಲೆಕ್ಕ ತಲೆಯಲ್ಲಿತ್ತು. "ಇನ್ನೊಂದೇ ಒಂದು" ಅಂದರು ಅವನ ಅಪ್ಪ. ನಾನೂ ಹೂಂ ಅಂದೆ. ಕ್ಯೂನಲ್ಲೇ ನೆಲಕ್ಕೆ ಬಿದ್ದ. ತಲೆ ಚಚ್ಚಿಕೊಂಡ, ನನ್ನ ಕೈ ಕಚ್ಚಿದ. ನಲವತ್ತು ನಿಮಿಷ. ತಪ್ಪು ಪೂರ್ತಿ ನಮ್ಮದು. ದುಡ್ಡು ವಸೂಲಿಯ ಆಸೆಗೆ ಮಗನನ್ನು ದುಡಿಸಿದ್ದೆವು.

ಹಟ ಬೇರೆ, ಇದು ಬೇರೆ. ಹಟ ಮಾಡುವ ಮಗು ಮಧ್ಯೆ ನಿಮ್ಮ ಮುಖ ನೋಡುತ್ತದೆ, ಕೇಳಿದ್ದು ಸಿಕ್ಕರೆ ನಿಲ್ಲಿಸುತ್ತದೆ. ಮೆಲ್ಟ್‌ಡೌನ್‌ನಲ್ಲಿ ಮಗುವಿನ ಕೈಯಲ್ಲಿ ಏನೂ ಇರೋದಿಲ್ಲ. ಐಸ್‌ಕ್ರೀಂ ಕೊಟ್ಟರೂ ನಿಲ್ಲೋದಿಲ್ಲ, ಗದರಿಸಿದರೆ ಇನ್ನೂ ಜಾಸ್ತಿ. ಆಗ ಮಾತು ಕಡಿಮೆ ಮಾಡಿ. "ಏನಾಯ್ತು, ಯಾಕೆ, ನೀರು ಬೇಕಾ" ಅಂತ ಪ್ರಶ್ನೆ ಮೇಲೆ ಪ್ರಶ್ನೆ ಹಾಕಬೇಡಿ. ತಲೆ ಕೆಳಗೆ ಟವೆಲ್ ಇಡಿ. ಜನರನ್ನು ದೂರ ನಿಲ್ಲಿಸೋದು ಒಬ್ಬರ ಕೆಲಸ, ಮಗುವಿನ ಹತ್ತಿರ ಸುಮ್ನೆ ಕೂರೋದು ಇನ್ನೊಬ್ಬರ ಕೆಲಸ. ಒತ್ತಿ ಹಿಡಿದರೆ ಇಷ್ಟಪಡುವ ಮಗುವಾದರೆ ಹಿಡಿಯಿರಿ, ಮುಟ್ಟಿದರೆ ಉರಿಯುವ ಮಗುವಾದರೆ ಮುಟ್ಟಬೇಡಿ. ಪಾರ್ಕಿಗೆ ಹೋದ ತಕ್ಷಣ ನೆರಳಿನ, ಸದ್ದಿಲ್ಲದ ಒಂದು ಮೂಲೆ ನೋಡಿಟ್ಟುಕೊಳ್ಳಿ. ಆಟ ಎಲ್ಲಿದೆ ಅಂತ ಹುಡುಕೋದು ಆಮೇಲೆ.

ನಿಂತ ಮೇಲೆ ಮನೆಗೆ ಹೊರಡಿ. ಈಗ ಸರಿ ಹೋದನಲ್ಲ, ಇನ್ನೊಂದು ಆಟ ಅನ್ನಬೇಡಿ.

ಜನ ನೋಡ್ತಾರೆ, ಏನೇನೋ ಅಂತಾರೆ.

ಅಂತಾರೆ. "ಒಂದು ಬಿಟ್ಟರೆ ಸರಿ ಹೋಗ್ತಾನೆ" ಅಂತ ಹೇಳಿದ ಅಜ್ಜಿಯೂ ಸಿಕ್ಕಿದ್ದಾರೆ, ಏನೂ ಕೇಳದೆ ಛತ್ರಿ ಹಿಡಿದು ನೆರಳು ಮಾಡಿ ನಿಂತ ಅಕ್ಕನೂ ಸಿಕ್ಕಿದ್ದಾರೆ. ವಿಡಿಯೋ ಮಾಡುವವರಿಗೆ ಮಾತ್ರ ನಾನು ಸುಮ್ಮನಿರೋದಿಲ್ಲ.

ಸಿಬ್ಬಂದಿ ಆಟಕ್ಕೆ ಹತ್ತಿಸದೇ ಇದ್ದರೆ?

ಕಾರಣ ಕೇಳಿ. ಎತ್ತರ ಸಾಲದು, ಸರಳು ಹಿಡಿದುಕೊಂಡು ಕೂರೋದಿಲ್ಲ ಅಂದರೆ ಅದು ಮಗುವಿನ ಜೀವದ ಪ್ರಶ್ನೆ, ವಾದ ಬೇಡ. ಆದರೆ ಒಂದು ಮಾಲ್‌ನ ಆಟದ ಜಾಗದಲ್ಲಿ ನಮಗೆ "ಇಂಥ ಮಕ್ಕಳನ್ನು ಬಿಡಲ್ಲ" ಅಂದರು, ಅಷ್ಟೇ. ಬರೀ ಚೆಂಡು ತುಂಬಿದ ತೊಟ್ಟಿ ಅದು. ಮನರಂಜನೆ, ಆಟೋಟದಲ್ಲೂ ಸಮಾನ ಅವಕಾಶ ಇರಬೇಕು ಅಂತ 2016ರ ಕಾಯ್ದೆಯೇ ಹೇಳುತ್ತದೆ. ನಾನು ಮ್ಯಾನೇಜರನ್ನು ಕರೆಸಿ, ಅದನ್ನೇ ಬರೆದುಕೊಡಿ ಅಂದೆ. ಬರೆದುಕೊಡಲಿಲ್ಲ, ಒಳಗೆ ಬಿಟ್ಟರು.

ಹೊರದೇಶದಲ್ಲಿ ಇಂಥ ಮಕ್ಕಳಿಗೇ ಪಾರ್ಕ್ ಇದೆಯಂತೆ, ನಿಜವಾ?

ನಿಜ. ಅಮೆರಿಕದ ಸ್ಯಾನ್ ಆಂಟೋನಿಯೋದಲ್ಲಿ ಮಾರ್ಗನ್ಸ್ ವಂಡರ್‌ಲ್ಯಾಂಡ್ ಅಂತ 2010ರಲ್ಲಿ ಶುರುವಾಯಿತು. ಅಂಗವಿಕಲ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಿದ್ದು, ಅವರಿಗೆ ಟಿಕೆಟ್ ಇಲ್ಲ. ನಮ್ಮಲ್ಲಿ ಅಷ್ಟು ಆಗುವವರೆಗೆ ಬುಧವಾರ ಇದೆ, ಇಯರ್‌ಮಫ್ ಇದೆ.

ಒಂದೇ ಆಟವನ್ನು ಮತ್ತೆ ಮತ್ತೆ ಆಡ್ತಾನೆ. ಬೇರೆ ಆಡಿಸಬೇಕಾ?

ಬೇಡ. ಎರಡನೇ ಸಲ ನಮ್ಮವನು ಒಂದು ಸಣ್ಣ ದೋಣಿಯಾಟದಲ್ಲಿ ಹನ್ನೊಂದು ಸಲ ಕೂತ. ಓಡಿಸುವ ಹುಡುಗ ಕೊನೆಗೆ ಇವನನ್ನು ನೋಡಿದ ಕೂಡಲೇ ನಗುತ್ತಿದ್ದ. ಉಳಿದ ಐವತ್ತು ಆಟ ನೋಡಲೇ ಇಲ್ಲ. ಮೊದಲನೇ ಸಲದ ವಸೂಲಿ ಲೆಕ್ಕ ಬಿಟ್ಟಿದ್ದರಿಂದ ಅವತ್ತು ಯಾರಿಗೂ ಸಿಟ್ಟು ಬರಲಿಲ್ಲ.

ಅವನ ಅಕ್ಕನಿಗೆ ಬೇಜಾರಾಗಲ್ವಾ?

ಆಗುತ್ತದೆ. ಅವಳಿಗೂ ದೊಡ್ಡ ಆಟ ಆಡುವ ಆಸೆ. ಅದಕ್ಕೇ ಮೂರನೇ ಸಲ ಅವಳ ಚಿಕ್ಕಮ್ಮನನ್ನೂ ಕರೆದುಕೊಂಡು ಹೋದೆವು. ಅವಳು ಚಿಕ್ಕಮ್ಮನ ಜೊತೆ ರೋಲರ್ ಕೋಸ್ಟರ್, ನಾವು ದೋಣಿ. ಒಬ್ಬರು ಜಾಸ್ತಿ ಇದ್ದರೆ ನಿಮಗೂ ಕಾಫಿ ಕುಡಿಯೋಕೆ ಹತ್ತು ನಿಮಿಷ ಸಿಗುತ್ತದೆ.

ಹೊರಡೋಣ ಅಂದರೆ ಬರೋದೇ ಇಲ್ಲ.

ಹೊರಡುವ ಅರ್ಧ ಗಂಟೆ ಮುಂಚೆಯೇ ಆಲ್ಬಂನ ಕೊನೆಯ ಪುಟ ತೆಗೆಯಿರಿ. "ಇನ್ನು ಎರಡು ಸಲ ದೋಣಿ, ಆಮೇಲೆ ಇಡ್ಲಿ, ಆಮೇಲೆ ಕಾರು." ಬೆರಳು ಮಡಚಿ ತೋರಿಸಿ. ಎರಡು ಅಂದರೆ ಎರಡೇ. ಪಾಪ ಅಂತ ಮೂರನೆಯದು ಕೊಟ್ಟರೆ ಮುಂದಿನ ಸಲ ನಿಮ್ಮ ಎಣಿಕೆಗೆ ಬೆಲೆ ಇರೋದಿಲ್ಲ. ದಾರಿಯಲ್ಲಿ ಆಟಿಕೆ ಅಂಗಡಿ ಕಾಣಿಸಿದರೆ ಎದುರಿನ ಬದಿಯಲ್ಲಿ ನಡೆಯಿರಿ. ಮಗು ಚೆನ್ನಾಗಿರುವಾಗಲೇ ಹೊರಡಬೇಕು, ಸುಸ್ತಾದ ಮೇಲೆ ಅಲ್ಲ.

ಅಷ್ಟು ದೂರ ಬೇಡ. ಹತ್ತಿರ ಏನಿದೆ?

ನಾಮದ ಚಿಲುಮೆ. ಜಿಂಕೆ ಇವೆ, ಮರ ಇವೆ, ಮೈಕ್ ಇಲ್ಲ. ವಾರದ ದಿನ ಬೆಳಿಗ್ಗೆ ಹೋದರೆ ನೀವು, ಮಗು, ಜಿಂಕೆ. ದೇವರಾಯನದುರ್ಗದ ಕಡೆ ಕೋತಿಗಳು ಕೈಯಲ್ಲಿದ್ದದ್ದನ್ನು ಕಿತ್ತುಕೊಂಡು ಹೋಗುತ್ತವೆ, ಮಗುವಿನ ಇಷ್ಟದ ಆಟಿಕೆ ಕಾರಿನಲ್ಲೇ ಇರಲಿ.

ಮಾರನೇ ದಿನ ಶಾಲೆಗೆ ಕಳಿಸಬೇಕಾ?

ಕಳಿಸಬೇಡಿ. ನಮ್ಮವನು ಹನ್ನೊಂದಕ್ಕೆ ಎದ್ದು, ಇಡೀ ದಿನ ಪರದೆ ಎಳೆದ ರೂಮಿನಲ್ಲಿ ಫ್ಯಾನ್ ನೋಡುತ್ತಾ ಮಲಗಿದ್ದ. ತೆರಪಿಗೂ ರಜೆ.

ಮತ್ತೆ ಯಾವಾಗ ಹೋಗ್ತೀರಿ?

ಆಗಸ್ಟ್‌ನ ಒಂದು ಬುಧವಾರ. ಆಲ್ಬಂ ಆಗಲೇ ಕಪಾಟಿನಿಂದ ಇಳಿದಿದೆ, ಅವನೇ ತಂದು ದೋಣಿಯ ಪುಟ ತೆಗೆದು ನನ್ನ ಮಡಿಲಲ್ಲಿ ಇಡುತ್ತಾನೆ. ನೈಲಾನ್ ಚಡ್ಡಿ ಗಿಡ್ಡ ಆಗಿದೆ. ಹೊಸದು ಈ ವಾರವೇ ತರಬೇಕು, ಲೇಬಲ್ ಕತ್ತರಿಸಿ ಒಗೆಯೋದು ಇದೆಯಲ್ಲ.